ಎರಡು ಇಂಚು ಎಂದು ಬರೆದ ಪೆಟ್ಟಿಗೆಯೊಳಗೆ ಒಂದೇ ಇಂಚು

ಮಲ್ಲಂದೂರಿನ ಆಚೆ ನಮ್ಮ ಆರು ಎಕರೆ ಕಾಫಿ ತೋಟಕ್ಕೆ ಇಳಿಯುವ ದಾರಿಯ ನಡುವೆ ಒಂದು ಬಂಡೆ ಇದೆ. ಪ್ರತಿ ಮಳೆಗಾಲ ಅದರ ಅಕ್ಕಪಕ್ಕದ ಮಣ್ಣು ಕೊಚ್ಚಿಹೋಗಿ, ಬಂಡೆಯೇ ಬೆಳೆಯುತ್ತಿದೆಯೇನೋ ಅನ್ನಿಸುತ್ತದೆ. ನನ್ನ ಹಳೆಯ ಮಾರುತಿ ಜಿಪ್ಸಿಯ ಹೊಟ್ಟೆ ಅದಕ್ಕೆ ಉಜ್ಜುವ ಸದ್ದು ಕೇಳಿ ಸಾಕಾಗಿ, ಆನ್‌ಲೈನ್‌ನಲ್ಲಿ 4,800 ರೂಪಾಯಿ ಕೊಟ್ಟು ಉದ್ದನೆಯ ಶ್ಯಾಕಲ್‌ಗಳ ಸೆಟ್ ತರಿಸಿದೆ. ಶ್ಯಾಕಲ್ ಎಂದರೆ ಕಮಾನು ಪಟ್ಟಿಯ ತುದಿಯನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಕೊಂಡಿ; ಅದು ಉದ್ದವಾದರೆ ಗಾಡಿ ಮೇಲೇರುತ್ತದೆ.

ಕಬ್ಬಿಣದ ಬಗ್ಗೆ ದೂರಿಲ್ಲ. ದಪ್ಪ ತಗಡು, ತೂತುಗಳು ನೇರ, ಬಣ್ಣವೂ ನಿಂತಿದೆ. ಆದರೆ ಪೆಟ್ಟಿಗೆಯ ಮೇಲಿದ್ದ ‘ಎರಡು ಇಂಚು ಲಿಫ್ಟ್’ ಎಂಬ ಮಾತು ಅರ್ಧಸತ್ಯ. ಶ್ಯಾಕಲ್ ಎರಡು ಇಂಚು ಉದ್ದವಾದರೆ ಕಮಾನು ಪಟ್ಟಿಯ ಒಂದು ತುದಿ ಮಾತ್ರ ಅಷ್ಟು ಇಳಿಯುತ್ತದೆ. ಆಕ್ಸಲ್ ಕೂತಿರುವುದು ಪಟ್ಟಿಯ ನಡುವೆ. ಹಾಗಾಗಿ ಗಾಡಿ ಏರುವುದು ಹೆಚ್ಚುಕಡಿಮೆ ಒಂದೇ ಇಂಚು. ಟೇಪು ಹಿಡಿದು ಅಳೆದೆ, ಅಷ್ಟೇ ಬಂತು. ಚಕ್ರಗಳಿಗೆ ಶಕ್ತಿ ಹಂಚುವ, ಆಕ್ಸಲಿನ ನಡುವಿನ ಉಬ್ಬು, ಅಂದರೆ ಡಿಫರೆನ್ಷಿಯಲ್ ಅಂತೂ ಎಲ್ಲಿತ್ತೋ ಅಲ್ಲೇ ಇದೆ. ಅದನ್ನು ಎತ್ತಲು ದೊಡ್ಡ ಟೈರೇ ಬೇಕು.

ಇಷ್ಟಕ್ಕೇ ಮುಗಿದಿದ್ದರೆ ಬರೆಯುತ್ತಿರಲಿಲ್ಲ. ಬೇಲೂರು ದಾಟಿ ಹಾಸನದ ರಸ್ತೆಯಲ್ಲಿ ವೇಗ 55 ಮುಟ್ಟಿದೊಡನೆ ಸೀಟಿನ ಅಡಿಯಿಂದ ಗುಂಯ್ ಎಂಬ ನಡುಕ ಶುರುವಾಯಿತು. 70ರಲ್ಲಿ ಕನ್ನಡಿಯೊಳಗೆ ಹಿಂದಿನ ಲಾರಿ ಎರಡಾಗಿ ಕಾಣುತ್ತಿತ್ತು. ಚಿಕ್ಕಮಗಳೂರಿನಲ್ಲಿ ಎರಡು ಸಲ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ. ದಂಡ. ನಡುಕ ಸ್ಟೀರಿಂಗ್‌ನಲ್ಲಿ ಇರಲೇ ಇಲ್ಲ, ಸೀಟಿನಲ್ಲಿತ್ತು ಎಂಬುದನ್ನು ಆಗಲೇ ಗಮನಿಸಬೇಕಿತ್ತು.

ಕೊನೆಗೆ ಹಾಸನದ ಬಿ.ಎಂ. ರಸ್ತೆಯ ಬದಿ, ಎಂಜಿನ್ನಿನ ಶಕ್ತಿಯನ್ನು ಆಕ್ಸಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೆಲಸವನ್ನಷ್ಟೇ ಮಾಡುವ ಒಂದು ಸಣ್ಣ ಶೆಡ್ಡಿಗೆ ಹೋದೆ. ಈ ವಿಮರ್ಶೆಯ ಮುಕ್ಕಾಲು ಪಾಲು ಅಂಕ ಅವರಿಗೇ ಸಲ್ಲಬೇಕು. ಹಿರಿಯ ಮೇಸ್ತ್ರಿ ಟೈರಿನ ಕಡೆ ನೋಡಲೂ ಇಲ್ಲ. ‘ಶ್ಯಾಕಲ್ ಹಾಕಿಸಿ ಎಷ್ಟು ದಿನವಾಯಿತು ಸರ್?’ ಎಂದು ಕೇಳಿ ನೇರ ಗಾಡಿಯ ಕೆಳಗೆ ನುಗ್ಗಿದರು. ಶಾಫ್ಟಿನ ತುದಿಯ ಬಾಗುವ ಕೀಲುಗಳನ್ನು, ಅಂದರೆ ಎರಡೂ ಕ್ರಾಸ್‌ಗಳನ್ನು ಅಲುಗಾಡಿಸಿ ನೋಡಿದರು, ಆಟವಿರಲಿಲ್ಲ. ಕ್ರಾಸ್ ಹಿಡಿಯುವ ಎರಡು ತುದಿಯ ಕವಲುಗಳೂ ಒಂದೇ ಸಾಲಿನಲ್ಲಿದ್ದವು. ಆಮೇಲೆ ಮಾಡಿದ್ದು ನನಗೆ ಹೊಳೆಯದ ಉಪಾಯ: ಹಿಂದಿನ ಶಾಫ್ಟನ್ನು ಪೂರ್ತಿ ಬಿಚ್ಚಿಟ್ಟು, ಮುಂದಿನ ಹಬ್‌ಗಳನ್ನು ಲಾಕ್ ಮಾಡಿ, ಫೋರ್‌ವೀಲ್‌ಗೆ ಹಾಕಿ ಬರೀ ಮುಂದಿನ ಚಕ್ರಗಳ ಮೇಲೆ 60ರಲ್ಲಿ ಓಡಿಸಿದರು. ನಡುಕ ಮಾಯ. ಅಂದರೆ ಅದು ಹುಟ್ಟುತ್ತಿದ್ದುದು ಟೈರಿನಲ್ಲಲ್ಲ, ಹಿಂದಿನ ಶಾಫ್ಟಿನಲ್ಲಿ.

ಆದರೆ ತಪ್ಪು ಶಾಫ್ಟಿನದಲ್ಲ, ಅದರ ಕೋನದ್ದು. ಬಾಗಿದ ಕ್ರಾಸ್ ಒಂದು ಸುತ್ತಿಗೆ ಎರಡು ಬಾರಿ ವೇಗವನ್ನು ಏರಿಸಿ ಇಳಿಸುತ್ತದೆ. ಇನ್ನೊಂದು ತುದಿಯ ಕ್ರಾಸ್ ಅಷ್ಟೇ ಬಾಗಿದ್ದರೆ ಎರಡೂ ಪರಸ್ಪರ ಕಳೆದುಕೊಳ್ಳುತ್ತವೆ. ಉದ್ದನೆಯ ಶ್ಯಾಕಲ್ ಪಟ್ಟಿಯ ಹಿಂತುದಿಯನ್ನು ತಗ್ಗಿಸಿ, ಆಕ್ಸಲನ್ನು ಉರುಳಿಸಿ, ಶಾಫ್ಟ್ ಬಂದು ಸೇರುವ ಪಿನಿಯನ್‌ನ ಮೂತಿಯನ್ನು ಮೇಲಕ್ಕೆತ್ತಿತ್ತು. ಮೊಬೈಲನ್ನೇ ಒರಗಿಸಿ ಅಳೆದಾಗ ಶಾಫ್ಟ್ ಹೊರಡುವ ಟ್ರಾನ್ಸ್‌ಫರ್ ಕೇಸಿಗೂ ಪಿನಿಯನ್‌ಗೂ ಮೂರು ಡಿಗ್ರಿ ವ್ಯತ್ಯಾಸ ಬಂತು.

ಪಟ್ಟಿಗೂ ಆಕ್ಸಲಿಗೂ ನಡುವೆ ಮೂರು ಡಿಗ್ರಿಯ ಉಕ್ಕಿನ ಬೆಣೆ ಇಟ್ಟು, ಉದ್ದನೆಯ ಸೆಂಟರ್ ಬೋಲ್ಟ್ ಹಾಕಿ ಬಿಗಿದರು. ಎಲ್ಲ ಸೇರಿ 3,200 ರೂಪಾಯಿ. ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್ ಬಿಗಿಸಲು ಮತ್ತೆ ಬರಬೇಕೆಂದು ಹೇಳಿದರು, ಬಂದಾಗ ಕಾಸು ತೆಗೆದುಕೊಳ್ಳಲಿಲ್ಲ. ಒಂದೇ ಕೊರತೆ: ರಸೀದಿ ಕೇಳಿದರೆ ಕ್ಯಾಲೆಂಡರಿನ ಹಾಳೆಯ ಬೆನ್ನಿನ ಮೇಲೆ ಬರೆದುಕೊಡುತ್ತಾರೆ.

ಬೆಣೆ ಬೇಕೆಂಬುದನ್ನು ಶ್ಯಾಕಲ್ ಮಾರುವವನು ಒಂದು ಚೀಟಿಯಲ್ಲಾದರೂ ಬರೆದಿಟ್ಟಿದ್ದರೆ ಸೆಟ್ಟಿಗೆ ನಾಲ್ಕು ಅಂಕ ಕೊಡುತ್ತಿದ್ದೆ. ಈಗ ಎರಡು, ಅದೂ ಕಬ್ಬಿಣದ ಮುಖ ನೋಡಿ.

ಮುಂಚಕ್ರಗಳ ಕಡೆಯ ಶ್ಯಾಕಲ್ ಜೋಡಿಯನ್ನು ತೆಗೆಸಿ ಹಳೆಯದನ್ನೇ ಹಾಕಿಸಿದ್ದೇನೆ, ಏಕೆಂದರೆ ಅದು ಚಕ್ರವನ್ನು ನೇರಕ್ಕೆ ಮರಳಿಸುವ ಓರೆ, ಅಂದರೆ ಕ್ಯಾಸ್ಟರ್ ಕೆಡಿಸಿ ಸ್ಟೀರಿಂಗನ್ನು ಅಡ್ಡಾದಿಡ್ಡಿ ಮಾಡಿತ್ತು. ಖಾಲಿ ಇದ್ದಾಗ ಗಾಡಿಯ ಹಿಂಭಾಗ ತುಸು ಎದ್ದು ಕಾಣುತ್ತದೆ, ನಾಲ್ಕು ಮೂಟೆ ಗೊಬ್ಬರ ಹೇರಿದರೆ ಸಮವಾಗುತ್ತದೆ. ಬಿಚ್ಚಿದ ಶ್ಯಾಕಲ್‌ಗಳು ಕಣದಲ್ಲಿ ಟಾರ್ಪಾಲು ಹಾರದಂತೆ ಹಿಡಿದುಕೊಂಡಿವೆ.