ದೊಡ್ಡ ಪೂರ್ಣಾಂಕಗಳಿಗೊಂದು ಉಚಿತ ತಂತ್ರಾಂಶ: ಪಾರಿ/ಜಿಪಿ

2ರ 67ನೆಯ ಘಾತದಿಂದ 1 ಕಳೆದರೆ 147573952589676412927 ಬರುತ್ತದೆ. ಬ್ರೌಸರ್‌ನಲ್ಲಿ ಸಿಗುವ ಒಂದು ಕ್ಯಾಲ್ಕ್ಯುಲೇಟರ್‌ಗೆ ಇದನ್ನು ಕೊಟ್ಟಾಗ, ಕೊನೆಯ ಅಂಕಿ 7 ಎಂದು ಕಣ್ಣಿಗೆ ರಾಚುತ್ತಿದ್ದರೂ, ಇದು ಸಮಸಂಖ್ಯೆ ಎಂಬ ಉತ್ತರ ಬಂದಿತು. 9007199254740992ನ್ನು, ಅಂದರೆ 2ರ 53ನೆಯ ಘಾತವನ್ನು, ದಾಟಿದ ಮೇಲೆ, ಇಂಥ ಕ್ಯಾಲ್ಕ್ಯುಲೇಟರ್‌ಗಳು ಸಂಖ್ಯೆಗಳನ್ನು ಇಡಲು ಬಳಸುವ 64 ಬಿಟ್‌ಗಳ ಫ್ಲೋಟಿಂಗ್ ಪಾಯಿಂಟ್ ಪದ್ಧತಿಯಲ್ಲಿ ಎಲ್ಲ ಪೂರ್ಣಾಂಕಗಳಿಗೂ ಜಾಗವಿರುವುದಿಲ್ಲ. ನಾವು ಕೊಟ್ಟ ಸಂಖ್ಯೆ ಯಾವ ಸೂಚನೆಯೂ ಇಲ್ಲದೆ 928ರಲ್ಲಿ ಕೊನೆಗೊಳ್ಳುವ ಪಕ್ಕದ ಸಂಖ್ಯೆಯಾಗಿಬಿಡುತ್ತದೆ.

ಫ್ರಾನ್ಸಿನ ಬೋರ್ಡೋದಲ್ಲಿ ಗಣಿತಜ್ಞ ಆನ್ರಿ ಕೊಹೆನ್ ಮತ್ತು ಸಹೋದ್ಯೋಗಿಗಳು ಆರಂಭಿಸಿದ ಪಾರಿ/ಜಿಪಿಯಲ್ಲಿ ಪೂರ್ಣಾಂಕಗಳಿಗೆ ಈ ಗತಿ ಬರುವುದಿಲ್ಲ, ಏಕೆಂದರೆ ಮೆಮೊರಿ ಇರುವಷ್ಟೂ ಅದು ಎಲ್ಲ ಅಂಕಿಗಳನ್ನೂ ಉಳಿಸಿಕೊಳ್ಳುತ್ತದೆ. 'ಫ್ಯಾಕ್ಟರ್' ಆದೇಶದೊಂದಿಗೆ ಮೇಲಿನ ಸಂಖ್ಯೆಯನ್ನು ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ 193707721 ಮತ್ತು 761838257287 ಎಂಬ ಎರಡು ಅಪವರ್ತನಗಳು ಒಂದರ ಕೆಳಗೊಂದು ಮೂಡುತ್ತವೆ. ಪಕ್ಕದ ಕಂಬಸಾಲಿನಲ್ಲಿ ಅವುಗಳ ಘಾತಗಳಾದ 1 ಮತ್ತು 1 ಇರುತ್ತವೆ. 1644ರಲ್ಲಿ ಫ್ರೆಂಚ್ ವಿದ್ವಾಂಸ ಮರ್ಸೆನ್ ಅವಿಭಾಜ್ಯವೆಂದು ಪಟ್ಟಿಮಾಡಿದ್ದ ಈ ಸಂಖ್ಯೆ ಅವಿಭಾಜ್ಯವಲ್ಲವೆಂದು 1876ರಲ್ಲಿ ಗಣಿತಜ್ಞ ಲೂಕಾ ಸಾಧಿಸಿದರೂ, ಇದೇ ಜೋಡಿಯನ್ನು ಜಗತ್ತಿಗೆ ತೋರಿಸಲು 1903ರಲ್ಲಿ ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್ ಬರಬೇಕಾಯಿತು. ಎರಡೂ ಅಪವರ್ತನಗಳಿಂದ 1 ಕಳೆದು 134ರಿಂದ ಭಾಗಿಸಿ ನೋಡಿದರೆ ಶೇಷ ಉಳಿಯುವುದಿಲ್ಲ. ಘಾತಾಂಕವು 2ಕ್ಕಿಂತ ದೊಡ್ಡ ಅವಿಭಾಜ್ಯವಾಗಿರುವ ಈ ಬಗೆಯ ಸಂಖ್ಯೆಯ ಭಾಜಕಗಳು ಘಾತಾಂಕದ ಇಮ್ಮಡಿಯ ಗುಣಕಕ್ಕಿಂತ 1 ಹೆಚ್ಚಿರಲೇಬೇಕೆಂಬ ನಿಯಮವನ್ನು ಹೀಗೆ ಒಂದೇ ಸಾಲಿನಲ್ಲಿ ಪರೀಕ್ಷಿಸಬಹುದು. ಭಾಜಕಗಳ ಮೊತ್ತವಾದ 147573953351708377936 ಕೂಡ ಅಷ್ಟೇ ಸುಲಭವಾಗಿ ಸಿಗುತ್ತದೆ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ವೇಗವಲ್ಲ, ಖಚಿತತೆಯ ಬಗೆಗಿನ ಶಿಸ್ತು. ಸಂಖ್ಯೆ ಅವಿಭಾಜ್ಯವೇ ಎಂದು ಕೇಳುವ ಎರಡು ಆದೇಶಗಳಲ್ಲಿ 'ಇಸ್‌ಪ್ರೈಮ್' ಎಂಬುದು ಗಣಿತದ ಸಾಧನೆಯ (ಪುರಾವೆಯ) ಬಲವಿರುವ ಉತ್ತರ ಕೊಟ್ಟರೆ, 'ಇಸ್‌ಸ್ಯೂಡೋಪ್ರೈಮ್' ಎಂಬುದು ತ್ವರಿತ ಪರೀಕ್ಷೆಯನ್ನಷ್ಟೇ ನಡೆಸುತ್ತದೆ. ಆ ಪರೀಕ್ಷೆ 2ರ 64ನೆಯ ಘಾತದವರೆಗೆ ತಪ್ಪುವುದಿಲ್ಲವೆಂದು ಪರಿಶೀಲಿಸಲಾಗಿದೆ. ಅದರಾಚೆಗೆ ಅದನ್ನು ಸುಳ್ಳಾಗಿಸುವ ಸಂಖ್ಯೆ ಯಾರಿಗೂ ಸಿಕ್ಕಿಲ್ಲವಾದರೂ, ಸಿಗುವುದೇ ಇಲ್ಲವೆಂಬ ಸಾಧನೆಯೂ ಇಲ್ಲ. 'ಫ್ಯಾಕ್ಟರ್' ತಾನಾಗಿ ನೆಚ್ಚಿಕೊಳ್ಳುವುದು ಈ ತ್ವರಿತ ಪರೀಕ್ಷೆಯನ್ನೇ ಎಂಬುದನ್ನು ಹೊಸಬರು ಕೈಪಿಡಿ ಓದದೆ ತಿಳಿಯಲಾರರು. ಇದನ್ನು ನಾನು ಕೊರತೆಯೆಂದೇ ಎಣಿಸುತ್ತೇನೆ.

ತಂತ್ರಾಂಶದ ಮುಖಪುಟ ಬರೀ ಕಪ್ಪು ಪರದೆ, ಆದೇಶಗಳು ಬಾಯಿಪಾಠವಾಗಬೇಕು. ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ನೆರವು ಸಿಗುತ್ತದೆ.

ಇದರಿಂದ ಪವಾಡವನ್ನು ಮಾತ್ರ ನಿರೀಕ್ಷಿಸಬಾರದು. 2ರ 1277ನೆಯ ಘಾತಕ್ಕಿಂತ 1 ಕಡಿಮೆಯಿರುವ 385 ಅಂಕಿಗಳ ಸಂಖ್ಯೆಯನ್ನು ಕೊಟ್ಟರೆ, ಅದು ಅವಿಭಾಜ್ಯವಲ್ಲವೆಂಬ ಉತ್ತರ ತಕ್ಷಣ ಬರುತ್ತದೆ; ಅಪವರ್ತನಗಳನ್ನು ಕೇಳಿದರೆ ಪರದೆ ಸ್ತಬ್ಧವಾಗುತ್ತದೆ. ಅದರ ಒಂದು ಅಪವರ್ತನವೂ ಇದುವರೆಗೆ ಯಾರಿಗೂ ತಿಳಿದಿಲ್ಲವಾದ್ದರಿಂದ ತಂತ್ರಾಂಶವನ್ನು ದೂರುವಂತಿಲ್ಲ. ಆದರೆ ಇಂಥ ಲೆಕ್ಕಕ್ಕೆ ಕೈಹಾಕುವ ಮುನ್ನ ಡೀಬಗ್ ಮಟ್ಟವನ್ನು (ಒಳಗೆ ನಡೆಯುತ್ತಿರುವುದನ್ನು ಪರದೆಯ ಮೇಲೆ ವರದಿಮಾಡುವ ಮಟ್ಟವನ್ನು) ಏರಿಸಿಕೊಳ್ಳುವುದು ಒಳಿತು, ಇಲ್ಲವಾದರೆ ಅದು ಯಾವ ವಿಧಾನದಲ್ಲಿ ಎಲ್ಲಿಯವರೆಗೆ ಹುಡುಕಿದೆ ಎಂಬ ಸುಳಿವೂ ಸಿಗುವುದಿಲ್ಲ.