ಕೈಯಾರೆ ಮಾಡಿ ಕೊಡಲು ಒಳ್ಳೆಯ ಮೇಣದಬತ್ತಿ ಕಿಟ್

ಈ ಸೋಯಾ ಮೇಣದ ಕಿಟ್ ನನಗೆ ನಿಜಕ್ಕೂ ಇಷ್ಟವಾಯಿತು. ಮೇಣದ ಚೂರು, ಹತ್ತಿಯ ಬತ್ತಿ, ತಗಡಿನ ಡಬ್ಬಿ, ಸುವಾಸನೆಯ ಎಣ್ಣೆ ಎಲ್ಲವೂ ಒಳಗೇ ಇವೆ. ಸೋಯಾ ಮೇಣ ಕಡಿಮೆ ಬಿಸಿಗೇ ಕರಗುತ್ತದೆ. ಚೆಲ್ಲಿದರೂ ಬಿಸಿನೀರು, ಸೋಪಿನಲ್ಲಿ ಹೋಗುತ್ತದೆ. ಆದರೆ ನೇರ ಉರಿಯ ಮೇಲೆ ಇಡಲೇಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಮಕ್ಕಳು ಜೊತೆಗಿದ್ದರೆ ಸುರಿಯುವ ಕೆಲಸ ದೊಡ್ಡವರದೇ.

ಕೊರತೆ ಇರುವುದು ಕೈಪಿಡಿಯಲ್ಲಿ. ಎಣ್ಣೆ ಎಷ್ಟು ಹಾಕಬೇಕು ಅಂತ ಸರಿಯಾಗಿ ಹೇಳಿಲ್ಲ. 100 ಗ್ರಾಂ ಮೇಣಕ್ಕೆ 6ರಿಂದ 8 ಗ್ರಾಂ ಸಾಕು. ಜಾಸ್ತಿ ಹಾಕಿದರೆ ಎಣ್ಣೆ ಮೇಲೆ ಬೆವರಿನ ಹಾಗೆ ನಿಲ್ಲುತ್ತದೆ. ಸುರಿದ ಮೇಲೆ ಒಂದೆರಡು ವಾರ ಮುಚ್ಚಿಡಬೇಕು ಅನ್ನುವುದನ್ನೂ ಬರೆದಿಲ್ಲ. ಪರಿಮಳ ಚೆನ್ನಾಗಿ ಬರುವುದೇ ಆಮೇಲೆ! ಅಕ್ಕನ ಹುಟ್ಟುಹಬ್ಬಕ್ಕೆ ಲ್ಯಾವೆಂಡರ್ ಮೇಣದಬತ್ತಿಯನ್ನು ಮುಂಚೆಯೇ ಮಾಡಿಟ್ಟಿದ್ದೆ. ಹಚ್ಚಿದಾಗ ಕೋಣೆಯೆಲ್ಲ ಘಮಘಮ.

ಲೇಬಲ್‌ಗಳು ತೀರಾ ತೆಳು, ಬಳಸಬೇಡಿ. ದಪ್ಪ ಕಾಗದದ ಚೀಟಿಯೊಂದನ್ನು ದಾರದಲ್ಲಿ ಕಟ್ಟಿ. ಪ್ರತಿಸಲ ಹಚ್ಚುವ ಮೊದಲು ಬತ್ತಿಯನ್ನು 5-6 ಮಿಲಿಮೀಟರ್ ಬಿಟ್ಟು ಕತ್ತರಿಸಿ ಎಂದು ಅದರಲ್ಲಿ ಬರೆಯಿರಿ. ಉಡುಗೊರೆ ಪಡೆದವರಿಗೆ ಇದು ಗೊತ್ತಿರುವುದಿಲ್ಲ ಅಲ್ವಾ? ಬತ್ತಿ ಉದ್ದವಿದ್ದರೆ ಹೊಗೆ, ಮಸಿ ಜಾಸ್ತಿ.