‘ಕ್ಯಾಪಿಟಲಿಸಂ ಲ್ಯಾಬ್’: ಬಾಕಿಯೇ ಇಲ್ಲದ ವ್ಯಾಪಾರ

ವ್ಯಾಪಾರವನ್ನೇ ವಸ್ತುವಾಗಿಸಿಕೊಂಡ ಕಂಪ್ಯೂಟರ್ ಆಟಗಳಲ್ಲಿ ‘ಕ್ಯಾಪಿಟಲಿಸಂ ಲ್ಯಾಬ್’ನಷ್ಟು ವ್ಯಾಪ್ತಿಯುಳ್ಳವು ವಿರಳ. ಹಾಂಗ್‌ಕಾಂಗ್‌ನ ಎನ್‌ಲೈಟ್ ಸಾಫ್ಟ್‌ವೇರ್ ಸಂಸ್ಥೆಯ ಟ್ರೆವರ್ ಚಾನ್ 1995ರಲ್ಲಿ ‘ಕ್ಯಾಪಿಟಲಿಸಂ’ ಎಂಬ ಆಟವನ್ನು ಹೊರತಂದರು. 2001ರಲ್ಲಿ ಅದರ ಎರಡನೆಯ ಆವೃತ್ತಿ ಬಂದಿತು. ‘ಲ್ಯಾಬ್’ ಆ ಎರಡನೆಯದರ ವಿಸ್ತೃತ ರೂಪ. ಗಣಿ, ತೋಟ, ಕಾರ್ಖಾನೆ, ಚಿಲ್ಲರೆ ಅಂಗಡಿ, ಸಂಶೋಧನಾ ಕೇಂದ್ರ, ಷೇರುಪೇಟೆ ಎಲ್ಲವೂ ಇದರಲ್ಲಿವೆ. ಆಟವಾಗಿ ಇದು ಚೆನ್ನಾಗಿದೆಯೇ ಎಂಬ ಪ್ರಶ್ನೆಗೆ ಹೌದೆಂಬ ಉತ್ತರ ಎಂದೋ ಸಿಕ್ಕಿದೆ. ಇದರಲ್ಲಿ ಹಣ ನಿಜವಾದ ವ್ಯಾಪಾರದ ಹಣದಂತೆ ವರ್ತಿಸುತ್ತದೆಯೇ ಎಂಬುದಷ್ಟನ್ನೇ ಇಲ್ಲಿ ಪರಿಶೀಲಿಸಿದ್ದೇನೆ.

ಸರಕಿನ ವಿಚಾರದಲ್ಲಿ ಈ ಆಟದ ಶ್ರದ್ಧೆ ಮೆಚ್ಚುವಂಥದ್ದು. ಯಾವುದೇ ಅಂಗಡಿಯನ್ನು ತೆರೆದು ನೋಡಿದರೆ ಮೂರು ಸಾಲುಗಳಲ್ಲಿ ಒಂಬತ್ತು ಮನೆಗಳ ಚೌಕ ಕಾಣುತ್ತದೆ. ಒಂದು ಮನೆಗೆ ಖರೀದಿ, ಇನ್ನೊಂದಕ್ಕೆ ಮಾರಾಟ, ಮತ್ತೊಂದಕ್ಕೆ ಜಾಹೀರಾತು ಎಂದು ಹಂಚಿ, ಮನೆಯಿಂದ ಮನೆಗೆ ಗೆರೆ ಎಳೆದು ಜೋಡಿಸಿದರೆ ಮಾತ್ರ ಸರಕು ಸಾಗುತ್ತದೆ. ಖರೀದಿ ಕಡಿಮೆಯಾದರೆ ಮಾರಾಟದ ಮನೆ ಖಾಲಿ ಬೀಳುತ್ತದೆ, ಹೆಚ್ಚಾದರೆ ದಾಸ್ತಾನು ತುಂಬಿ ನಿಲ್ಲುತ್ತದೆ. ಗ್ರಾಹಕರು ಬೆಲೆ, ಗುಣಮಟ್ಟ, ಬ್ರ್ಯಾಂಡ್ ಮೂರನ್ನೂ ತೂಗಿ ನೋಡುತ್ತಾರೆ. ಸಾಗಣೆಗೂ ಖರ್ಚು ತಗಲುತ್ತದೆ. ಇಷ್ಟೊಂದು ಸೂಕ್ಷ್ಮವಾಗಿ ಸರಕನ್ನು ನಡೆಸುವ ಆಟ, ಆ ಸರಕಿನ ಹಣದ ವಿಷಯ ಬಂದ ಕೂಡಲೇ ಕೈಚೆಲ್ಲಿಬಿಡುತ್ತದೆ. ಮಾಲು ಕೈಬದಲಾದ ಕ್ಷಣದಲ್ಲೇ ಹಣವೂ ಕೈಬದಲಾಗುತ್ತದೆ. ಲೋಕದ ಅಂಗಡಿ, ಕಾರ್ಖಾನೆಗಳೆಲ್ಲ ‘ಇಂದು ನಗದು, ನಾಳೆ ಉದ್ದರಿ’ ಎಂಬ ಫಲಕವನ್ನು ಒಟ್ಟಿಗೇ ತೂಗುಹಾಕಿಕೊಂಡಂತೆ ಈ ಆಟದ ವ್ಯವಹಾರ ಸಾಗುತ್ತದೆ.

ಇದು ಚಿಕ್ಕ ಲೋಪವೆಂದು ಕೆಲವರಿಗೆ ತೋರಬಹುದು; ಆದರೆ ಕಂಪನಿಗಳು ಮುಳುಗುವ ಬಗೆಯೇ ಆಟದಿಂದ ಕಾಣೆಯಾಗುವುದು ಇಲ್ಲಿಯೇ. ಒಂದು ಲೆಕ್ಕ ನೋಡೋಣ. ಒಂದು ಕಾರ್ಖಾನೆಗೆ ದಿನಕ್ಕೆ 10,000 ಡಾಲರ್ ಖರ್ಚು ಬರುತ್ತದೆ ಎಂದಿಟ್ಟುಕೊಳ್ಳಿ. ಲೆಕ್ಕ ಸರಳವಾಗಲೆಂದು ಅದಿಷ್ಟೂ ಕಚ್ಚಾವಸ್ತುವಿನದೇ ಎಂದುಕೊಳ್ಳೋಣ. ಪೂರೈಕೆದಾರನಿಗೆ 30 ದಿನಗಳಲ್ಲಿ ಹಣ ಕೊಡಬೇಕು. ವಸ್ತು ತಯಾರಾಗಲು 20 ದಿನ, ಗೋದಾಮಿನಲ್ಲಿ 40 ದಿನ, ಕೊಂಡ ವ್ಯಾಪಾರಿ ಹಣ ಕೊಡಲು ಮತ್ತೆ 60 ದಿನ. ಒಟ್ಟು 120 ದಿನಗಳಲ್ಲಿ ಪೂರೈಕೆದಾರ ಕೊಟ್ಟ 30 ದಿನ ಕಳೆದರೆ, 90 ದಿನಗಳ ಖರ್ಚು, ಅಂದರೆ 9 ಲಕ್ಷ ಡಾಲರ್, ಸದಾ ದಾಸ್ತಾನಿನಲ್ಲೂ ಬಾಕಿಯಲ್ಲೂ ಸಿಕ್ಕಿಕೊಂಡಿರುತ್ತದೆ. ವರ್ಷದ ಖರ್ಚು 36.5 ಲಕ್ಷ, ಅದರ ಮೇಲೆ ಶೇಕಡ 10ರಷ್ಟು ಲಾಭವೆಂದರೆ 3.65 ಲಕ್ಷ. ಈಗ ವ್ಯಾಪಾರ ಇಮ್ಮಡಿಯಾಯಿತೆನ್ನಿ. ಮಾಲಕ ಹಿಗ್ಗಬೇಕಾದ ಹೊತ್ತಿನಲ್ಲೇ ಇನ್ನೂ 9 ಲಕ್ಷ ಡಾಲರ್ ಎಲ್ಲಿಂದಲಾದರೂ ತರಬೇಕಾಗುತ್ತದೆ. ಹಿಂದಿನ ಎರಡು ವರ್ಷಗಳ ಲಾಭವನ್ನು ಪೂರ್ತಿಯಾಗಿ ಸುರಿದರೂ ಅದು ಸಾಲದು. ಲೆಕ್ಕಪುಸ್ತಕದಲ್ಲಿ ಲಾಭ ತೋರಿಸುತ್ತಲೇ ಸಂಬಳಕ್ಕೆ ಹಣವಿಲ್ಲದೆ ಬಾಗಿಲು ಹಾಕುವ ಉದ್ಯಮಗಳ ಕಥೆ ಇದೇ. ‘ಕ್ಯಾಪಿಟಲಿಸಂ ಲ್ಯಾಬ್’ನಲ್ಲಿ ಇದು ಸಂಭವಿಸುವಂತೆಯೇ ಇಲ್ಲ. ಅಲ್ಲಿ ವೇಗವಾಗಿ ಬೆಳೆದವನು ವೇಗವಾಗಿಯೇ ಶ್ರೀಮಂತನಾಗುತ್ತಾನೆ, ಆದ್ದರಿಂದ ಬೆಳವಣಿಗೆಗೆ ಕಡಿವಾಣ ಹಾಕುವ ಯೋಚನೆ ಯಾವ ಆಟಗಾರನ ತಲೆಗೂ ಬರುವುದಿಲ್ಲ.

ಸಾಲದ ವಿಷಯದಲ್ಲೂ ಕಥೆ ಬಹುಮಟ್ಟಿಗೆ ಅದೇ. ಮೂಲ ಆಟದಲ್ಲಿ ಬ್ಯಾಂಕು ಒಂದು ಮಿತಿಯನ್ನೂ ಒಂದು ಬಡ್ಡಿದರವನ್ನೂ ತೋರಿಸುತ್ತದೆ; ಮಿತಿಯೊಳಗೆ ಬೇಕಾದಷ್ಟನ್ನು ಗುಂಡಿ ಒತ್ತಿ ತೆಗೆದುಕೊಳ್ಳಬಹುದು, ಬೇಕೆನಿಸಿದಾಗ ಹಿಂತಿರುಗಿಸಬಹುದು. ಹಣ ಯಾತಕ್ಕೆಂದು ಯಾರೂ ಕೇಳುವುದಿಲ್ಲ. ಅಡಮಾನವಿಲ್ಲ, ತೀರಿಸಲು ಗಡುವಿಲ್ಲ. ಈ ದೌರ್ಬಲ್ಯ ಇದೊಂದೇ ಆಟದ್ದಲ್ಲ ಎಂಬುದನ್ನೂ ಹೇಳಬೇಕು. ಸಾರಿಗೆ ಕಂಪನಿ ನಡೆಸುವ 1994ರ ಆಟ ‘ಟ್ರಾನ್ಸ್‌ಪೋರ್ಟ್ ಟೈಕೂನ್’ನಲ್ಲಿ, ಅದನ್ನು ಇಂದಿಗೂ ಜೀವಂತವಾಗಿಟ್ಟಿರುವ ‘ಓಪನ್‌ಟಿಟಿಡಿ’ಯಲ್ಲಿ ಕೂಡ ಸಾಲವೆಂದರೆ ಏರಿಸಿ ಇಳಿಸಬಹುದಾದ ಒಂದು ಅಂಕಿಯಷ್ಟೇ. ವಾಹನಗಳು ಹಳತಾಗಿ ಬೆಲೆ ಕಳೆದುಕೊಳ್ಳುವ ಸವಕಳಿಯನ್ನು ಆ ಆಟ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಿದ್ದೂ ಆ ವಾಹನ ಕೊಳ್ಳಲು ಮಾಡಿದ ಸಾಲಕ್ಕೆ ಕಂತುಗಳಿಲ್ಲ.

ನಿಜ ಜೀವನದಲ್ಲಿ ಸಾಲದ ಅಪಾಯವಿರುವುದು ಬಡ್ಡಿದರಕ್ಕಿಂತ ಹೆಚ್ಚಾಗಿ ಗಡುವಿನಲ್ಲಿ. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ಕುಸಿದಾಗ, ಕೈಯಲ್ಲಿದ್ದ ಆಸ್ತಿಗಳ ಮೌಲ್ಯ ಇಳಿದಿದ್ದುದರ ಜೊತೆಗೆ, ತಕ್ಷಣ ಮಾರಲಾಗದ ಅಂಥ ಆಸ್ತಿಗಳನ್ನು ದಿನದಿನವೂ ನವೀಕರಿಸಬೇಕಾದ ಅಲ್ಪಾವಧಿ ಸಾಲದಿಂದ ಹೊತ್ತು ನಿಂತಿದ್ದುದೂ ಅದನ್ನು ಕೆಡವಿತು. ನಿನ್ನೆಯವರೆಗೆ ಕೊಡುತ್ತಿದ್ದವರು ಇಂದು ಕೊಡುವುದಿಲ್ಲ ಎಂದರು, ಅಷ್ಟೇ. ಇಂಥ ನಿರಾಕರಣೆಯೊಂದು ಆಟದಲ್ಲಿ ಇರಬೇಕಿತ್ತು. ಹತ್ತು ವರ್ಷ ದುಡಿಯಬೇಕಾದ ಕಾರ್ಖಾನೆಯನ್ನು ಒಂದು ವರ್ಷದ ಅಗ್ಗದ ಸಾಲದಿಂದ ಕಟ್ಟುವುದೋ, ದುಬಾರಿಯಾದರೂ ದೀರ್ಘಾವಧಿಯ ಸಾಲವನ್ನೇ ಹಿಡಿಯುವುದೋ ಎಂಬ ಆಯ್ಕೆ ಎದುರಾದರೆ ಆಟಗಾರ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾನೆ. ಅದರ ಜೊತೆಗೆ, ಲಾಭವು ಬಡ್ಡಿಯ ಇಂತಿಷ್ಟು ಪಟ್ಟಿಗಿಂತ ಕೆಳಗಿಳಿದರೆ ಲಾಭಾಂಶ ಹಂಚುವಂತಿಲ್ಲ, ಹೊಸ ಸಾಲ ಎತ್ತುವಂತಿಲ್ಲ ಎಂಬ ಷರತ್ತುಗಳನ್ನು ಸೇರಿಸಿದರೆ ಮಂದಗತಿಯ ವರ್ಷಗಳಿಗೆ ನಿಜವಾದ ಕಾವು ಬರುತ್ತದೆ. ಆರ್ಥಿಕತೆಯ ಏರಿಳಿತ ಆಟದಲ್ಲಿ ಈಗಾಗಲೇ ಇದೆ. ಆದರೆ ಅದು ಹೆಚ್ಚಾಗಿ ಬೇಡಿಕೆಯ ಇಳಿತವಾಗಿ ಅನುಭವಕ್ಕೆ ಬರುತ್ತದೆಯೇ ಹೊರತು ಸಾಲದ ಬರವಾಗಿ ಅಲ್ಲ.

ಪ್ರತ್ಯೇಕವಾಗಿ ಕೊಳ್ಳಬೇಕಾದ ಬ್ಯಾಂಕಿಂಗ್ ಮತ್ತು ಹಣಕಾಸು ವಿಸ್ತರಣೆಯಲ್ಲಿ ಆಟಗಾರನೇ ಬ್ಯಾಂಕನ್ನೂ ವಿಮಾ ಕಂಪನಿಯನ್ನೂ ನಡೆಸಬಹುದು. ಠೇವಣಿ ತಂದು ಸಾಲ ಕೊಡುವವನ ಜಾಗದಲ್ಲಿ ಕುಳಿತು ನೋಡುವುದು ಒಳ್ಳೆಯ ಅನುಭವವೇ. ಆದರೂ ನನ್ನ ತಕರಾರು ಅದರಿಂದ ತೀರುವುದಿಲ್ಲ, ಏಕೆಂದರೆ ಇಲ್ಲಿ ಕೊರತೆಯಿರುವುದು ಹಣಕಾಸಿನ ಹೊಸ ಹೊಸ ಸಂಸ್ಥೆಗಳದ್ದಲ್ಲ. ದಿನನಿತ್ಯದ ಸಾಮಾನ್ಯ ಕೊಡುಕೊಳ್ಳುವಿಕೆಯಲ್ಲಿ ಹಣಕ್ಕೆ ಕಾಲದ ಭಾರವಿಲ್ಲದಿರುವುದೇ ಮೂಲ ಕೊರತೆ. ವ್ಯಾಪಾರದ ಆಟಗಳನ್ನು ನೈಜಗೊಳಿಸಬೇಕೆನ್ನುವವರು ಸಾಮಾನ್ಯವಾಗಿ ಆಪ್ಷನ್, ಫ್ಯೂಚರ್‌ಗಳಂಥ ಮುಂದಿನ ದಿನಾಂಕದ ಒಪ್ಪಂದಗಳು, ವಿದೇಶಿ ವಿನಿಮಯ ಎಂದು ಪಟ್ಟಿ ಬೆಳೆಸುತ್ತಾರೆ. ಬಾಕಿ ವಸೂಲಿಯನ್ನೇ ಕಾಣದ ಆಟಕ್ಕೆ ಅವೆಲ್ಲ ಬರಿಯ ಒಡವೆ.

ಹೂಡಿಕೆಯ ನಿರ್ಧಾರಗಳಲ್ಲಿ ಕಾಲದ ಮಾತು ಸ್ವಲ್ಪವಾದರೂ ಕೇಳಿಬರುತ್ತದೆ. ಸಂಶೋಧನೆಗೆ ಹಣ ತೊಡಗಿಸಿದರೆ ಫಲ ಬರಲು ವರ್ಷಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಪ್ರತಿಸ್ಪರ್ಧಿ ಮುಂದೆ ಹೋಗಿರಬಹುದು. ಇದು ಈ ಆಟದ ಅತ್ಯುತ್ತಮ ಭಾಗಗಳಲ್ಲೊಂದು. ಆದರೆ ಕಾಯುವುದಕ್ಕೆ ಎಷ್ಟು ಬೆಲೆ ಎಂಬುದನ್ನು ಆಟ ಎಲ್ಲಿಯೂ ಕೇಳುವುದಿಲ್ಲ. ವರ್ಷಕ್ಕೆ ಶೇಕಡ 10ರ ದರದಲ್ಲಿ ನೋಡಿದರೆ ಐದು ವರ್ಷಗಳ ನಂತರ ಬರುವ 100 ಡಾಲರ್‌ಗೆ ಇಂದಿನ ಬೆಲೆ ಸುಮಾರು 62 ಡಾಲರ್. ಎರಡು ಯೋಜನೆಗಳನ್ನು ಈ ಕಣ್ಣಿನಿಂದ ಹೋಲಿಸುವ ಒಂದು ಪುಟ ಆಟದಲ್ಲಿದ್ದರೆ ಸಾಕಿತ್ತು. ಹೊಸಬರು ಅದನ್ನು ತೆರೆಯದೆಯೂ ಆಡಬಹುದಾಗಿತ್ತು.

ಷೇರುಪೇಟೆ ಇದಕ್ಕಿಂತ ಜೀವಂತವಾಗಿದೆ. ಹೊಸ ಷೇರು ಹೊರಡಿಸಿದರೆ ಹಣ ಬರುತ್ತದೆ, ಜೊತೆಗೆ ಕಂಪನಿಯ ಮೇಲಿನ ಹಿಡಿತವೂ ಸಡಿಲಾಗುತ್ತದೆ. ಎದುರಾಳಿಯ ಷೇರುಗಳನ್ನು ಒಂದೊಂದಾಗಿ ಕೊಳ್ಳುತ್ತ ಹೋಗಿ ಕೊನೆಗೆ ಅವನನ್ನೇ ನುಂಗಬಹುದು. ಈ ಭಾಗವನ್ನು ಆಡುವಾಗ ಪದೇಪದೇ ನೆನಪಾಗುವುದು 1998ರಲ್ಲಿ ಪಾಪ್‌ಟಾಪ್ ಸಾಫ್ಟ್‌ವೇರ್ ತಯಾರಿಸಿದ ‘ರೈಲ್‌ರೋಡ್ ಟೈಕೂನ್ 2’. ಹಣಕಾಸಿನ ದೃಷ್ಟಿಯಿಂದ ಆ ಹಳೆಯ ಆಟವನ್ನೇ ನಾನು ಮೇಲಿಡುತ್ತೇನೆ. ಅದರಲ್ಲಿ ರೈಲು ಕಂಪನಿಯ ಗಲ್ಲಾಪೆಟ್ಟಿಗೆ ಬೇರೆ, ಅಧ್ಯಕ್ಷನ ಜೇಬು ಬೇರೆ. ಕಂಪನಿ ಬಾಂಡ್ (ಸಾಲಪತ್ರ) ಹೊರಡಿಸುವಾಗ ಅದರ ಸಾಲಯೋಗ್ಯತೆಯ ಶ್ರೇಣಿಯನ್ನೂ ಆರ್ಥಿಕತೆಯ ಸ್ಥಿತಿಯನ್ನೂ ನೋಡಿ ಬಡ್ಡಿ ನಿಗದಿಯಾಗುತ್ತದೆ. ಅಧ್ಯಕ್ಷ ತನ್ನ ಸ್ವಂತ ಖಾತೆಯಲ್ಲಿ ಮಾರ್ಜಿನ್ ಮೇಲೆ, ಅಂದರೆ ದಲ್ಲಾಳಿಯಿಂದ ಸಾಲ ಪಡೆದು, ಷೇರು ಕೊಳ್ಳಬಹುದು, ಕೈಯಲ್ಲಿಲ್ಲದ ಷೇರನ್ನು ಮುಂಗಡವಾಗಿ ಮಾರಲೂಬಹುದು. ಬೆಲೆ ಕುಸಿದರೆ ದಲ್ಲಾಳಿ ಅವನನ್ನು ಕೇಳದೆಯೇ ಷೇರುಗಳನ್ನು ಮಾರಿಬಿಡುತ್ತಾನೆ. ಆ ಮಾರಾಟದಿಂದ ಬೆಲೆ ಇನ್ನಷ್ಟು ಇಳಿಯುತ್ತದೆ, ಇಳಿದದ್ದಕ್ಕೆ ಮತ್ತೊಂದಿಷ್ಟು ಮಾರಾಟವಾಗುತ್ತದೆ. ಹಳಿಗಳ ಮೇಲೆ ರೈಲುಗಳು ತುಂಬಿ ಓಡುತ್ತಿದ್ದರೂ ಕಂಪನಿಯನ್ನು ಕಟ್ಟಿದವನು ಬೀದಿಗೆ ಬಂದಿರುತ್ತಾನೆ. ಕಂಪನಿಯ ಹಿತವೂ ಅಧ್ಯಕ್ಷನ ಹಿತವೂ ಒಂದೇ ಅಲ್ಲ ಎಂಬುದನ್ನು ಇಷ್ಟು ಚೊಕ್ಕವಾಗಿ ಕಾಣಿಸಿದ ಆಟ ಆಮೇಲೆ ನನಗೆ ಸಿಕ್ಕಿಲ್ಲ.

ಸಾಲದ ಭಾರ ತೋರಿಸಲು ಆಟ ದೀರ್ಘವಾಗಿರಲೇಬೇಕೆಂದಿಲ್ಲ ಎನ್ನುವುದಕ್ಕೆ ಮೊಹಾಕ್ ಗೇಮ್ಸ್‌ನ ‘ಆಫ್‌ವರ್ಲ್ಡ್ ಟ್ರೇಡಿಂಗ್ ಕಂಪನಿ’ (2016) ಸಾಕ್ಷಿ. ಮಂಗಳ ಗ್ರಹದಲ್ಲಿ ನಡೆಯುವ ಆ ಚುಟುಕು ಸ್ಪರ್ಧೆಯಲ್ಲಿ ಸಾಲ ದಿನದಿನವೂ ಬಡ್ಡಿ ಸೇರಿಸಿಕೊಂಡು ಬೆಳೆಯುತ್ತದೆ, ಸಾಲ ಬೆಳೆದಂತೆ ಕಂಪನಿಯ ಷೇರು ಅಗ್ಗವಾಗುತ್ತದೆ, ಅಗ್ಗವಾದ ಷೇರನ್ನು ಎದುರಾಳಿ ಬಾಚಿಕೊಳ್ಳುತ್ತಾನೆ. ನಿಯಮ ಸರಳ, ಏಟು ನೇರ.

ನೈಜತೆ ಹೆಚ್ಚಾದರೆ ಆಟ ಲೆಕ್ಕಿಗನ ಕೆಲಸವಾಗಿಬಿಡುತ್ತದೆ ಎಂಬ ಆಕ್ಷೇಪ ಸಹಜವಾದದ್ದೇ. ಆದರೆ ಉದ್ದರಿಯನ್ನು ಅಳವಡಿಸಲು ಆಟಗಾರ ಪ್ರತಿ ಬಿಲ್ಲನ್ನೂ ನೋಡಬೇಕಾಗಿಲ್ಲ. ಒಂದೊಂದು ಖರೀದಿದಾರ ಕಂಪನಿಗೂ ಎಷ್ಟು ದಿನದ ಉದ್ದರಿ ಎಂದು ಒಮ್ಮೆ ಗೊತ್ತುಮಾಡಿದರೆ ಸಾಕು. ಹೆಚ್ಚು ದಿನ ಕೊಟ್ಟರೆ ಮಾರಾಟ ಏರುತ್ತದೆ, ಹಣ ಸಿಕ್ಕಿಕೊಳ್ಳುತ್ತದೆ. ಬೆಲೆ ಮತ್ತು ಗುಣಮಟ್ಟದ ಸಾಲಿನಲ್ಲಿ ಸ್ಪರ್ಧೆಗೆ ಇನ್ನೊಂದು ಅಸ್ತ್ರ ಸೇರುತ್ತದೆ. ಕಂಪ್ಯೂಟರ್ ನಡೆಸುವ ಪ್ರತಿಸ್ಪರ್ಧಿಗಳಿಗೂ ಇದೇ ನಿಯಮ ಅನ್ವಯಿಸಬೇಕು, ಅವರೂ ದಿವಾಳಿಯಾಗಬೇಕು. ಆಗ ಎದುರಾಳಿಯ ಪತನ ಈಗಿನಂತೆ ಬರಿಯ ಸಂತೋಷದ ಸುದ್ದಿಯಾಗಿರುವುದಿಲ್ಲ, ಏಕೆಂದರೆ ಅವನು ನಮ್ಮಿಂದ ಉಕ್ಕನ್ನೋ ಗಾಜನ್ನೋ ಕೊಂಡಿದ್ದರೆ ನಮಗೆ ಬರಬೇಕಾದ ಬಾಕಿಯೂ ಅವನೊಂದಿಗೇ ಮುಳುಗುತ್ತದೆ.

ಸದ್ಯದ ರೂಪದಲ್ಲಿ ಉತ್ಪಾದನೆ, ಬೆಲೆ ನಿರ್ಧಾರ, ಪೂರೈಕೆಯ ಜಾಲಗಳನ್ನು ಆಡಿ ತಿಳಿಯಬಯಸುವವರಿಗೆ ‘ಕ್ಯಾಪಿಟಲಿಸಂ ಲ್ಯಾಬ್’ ಅನ್ನು ನಾನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ವಾಣಿಜ್ಯ ವಿದ್ಯಾರ್ಥಿಗಳಿಗೆ ಹಣಕಾಸು ಕಲಿಸಲೆಂದು ಇದನ್ನು ಆರಿಸಿಕೊಳ್ಳುವ ಅಧ್ಯಾಪಕರು ಮಾತ್ರ ಪಕ್ಕದಲ್ಲಿ ಒಂದು ಹಾಳೆಯಿಟ್ಟು, ಪ್ರತಿ ತಿಂಗಳ ಮಾರಾಟದ ಹಣ ಎರಡು ತಿಂಗಳು ತಡವಾಗಿ ಬಂದಿದ್ದರೆ ಕಂಪನಿಯ ಕೈಯಲ್ಲಿ ಎಷ್ಟು ಉಳಿಯುತ್ತಿತ್ತು ಎಂದು ವಿದ್ಯಾರ್ಥಿಗಳಿಂದಲೇ ಬರೆಸುವುದು ಒಳಿತು. ಬ್ಯಾಂಕಿಂಗ್ ವಿಸ್ತರಣೆಯನ್ನು ಮೊದಲೇ ಕೊಳ್ಳುವ ಅಗತ್ಯವಿಲ್ಲ. ಮೂಲ ಆಟದಲ್ಲಿ ಷೇರು ಹೊರಡಿಸುವುದು, ಮರಳಿ ಕೊಳ್ಳುವುದು, ಬೇರೆ ಕಂಪನಿಯನ್ನು ವಶಪಡಿಸಿಕೊಳ್ಳುವುದು ಕೈಗೆ ಹತ್ತಿದ ಮೇಲೆ ಅದನ್ನು ಸೇರಿಸಿಕೊಂಡರೆ ಸಾಕು.